ಮನೆಯದು, ಮಣ್ಣಿನದು

ಭಾನುವಾರ, ಹನ್ನೊಂದನೇ ತಾರೀಖು

ಅಕ್ಕಾ,

ಮೊದಲು 'ಪ್ರೀತಿಯ ಅಕ್ಕನಿಗೆ' ಎಂದೇ ಬರೆದಿದ್ದೆ. ಆಮೇಲೆ ಆ ಹಾಳೆ ಹರಿದು ಹಾಕಿ ಬೇರೆ ತೆಗೆದುಕೊಂಡೆ. ಪ್ರೀತಿ ಇಲ್ಲ ಅಂತ ಅಲ್ಲ. ಕಾಗದದ ತಲೆಯ ಮೇಲೆ ಒಂದು ಒಳ್ಳೆಯ ಪದ ಬರೆದುಬಿಟ್ಟರೆ ಕೆಳಗಿನದೆಲ್ಲ ಶುದ್ಧವಾಯಿತು ಎಂದುಕೊಳ್ಳುವುದು ನಿನ್ನ ಅಭ್ಯಾಸ. ನನಗೆ ಅದು ಬೇಡ. ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ. ನಿನ್ನ ಯೋಗಕ್ಷೇಮ ನೋಡಿಕೊಳ್ಳುವ ದೊಡ್ಡ ಮನುಷ್ಯರು ಆ ಊರಿನಲ್ಲಿ ಬೇಕಾದಷ್ಟಿದ್ದಾರೆ.

ಇಲ್ಲಿ ನನಗೆ ಒಂದು ಮುದ್ರಣಾಲಯದಲ್ಲಿ ಕೆಲಸ ಸಿಕ್ಕಿದೆ. ಅಚ್ಚಾಗಿ ಬಂದ ಹಾಳೆಗಳನ್ನು ಮಡಚುವುದು. ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ ಹದಿನಾರು ಪುಟ. ನಗು, ಪರವಾಗಿಲ್ಲ. ನಾನು ರೈಲು ನಿಲ್ದಾಣದ ಮೆಟ್ಟಿಲ ಹತ್ತಿರ ಕೊಂಡು ತಂದು ಓದುತ್ತಿದ್ದ ನ್ಯಾಯ-ನೀತಿಯ ತೆಳ್ಳನೆಯ ಪುಸ್ತಿಕೆಗಳನ್ನು ನೋಡಿ ನನಗೆ 'ಹದಿನಾರು ಪುಟದ ಪಂಡಿತೆ' ಎಂದು ಹೆಸರಿಟ್ಟವಳು ನೀನೇ. ಗಿರಾಕಿಗಳ ಮುಂದೆಯೂ ಹಾಗೇ ಕರೆಯುತ್ತಿದ್ದೆ. "ನಮ್ಮ ಪಂಡಿತೆ ಹದಿನೇಳನೇ ಪುಟಕ್ಕೆ ಯಾವತ್ತೂ ಹೋಗೇ ಇಲ್ಲ ನೋಡಿ" ಎಂದು ನೀನು ಅಂದಾಗ ನನಗೂ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ನಡೆದದ್ದು ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬರೆಯುತ್ತೇನೆ. ನೀನು ನಡೆದದ್ದನ್ನು ಇನ್ನೊಂದು ಥರ ಬರೆದು, ಅದನ್ನೇ ನಂಬಿಕೊಂಡು, ನೆಮ್ಮದಿಯಾಗಿ ಊಟ ಮಾಡಬಲ್ಲವಳು. ಒಂದು ಕಡೆಯಾದರೂ ನಡೆದ ಹಾಗೆಯೇ ಇರಲಿ.

ಅಪ್ಪ ಹೋದ ಮೇಲೆ ಅವನ ಮೇಜಿನ ಮುಂದೆ ನೀನು ಕೂತೆ. ಕೆಳಗೆ ಕೊಡೆ ರಿಪೇರಿ ಅಂಗಡಿ, ಮೇಲೆ ನಮ್ಮ ಕೋಣೆ, ಬಾಗಿಲಲ್ಲಿ ಅಪ್ಪನ ಕಾಲದ ಫಲಕ: ಯುದ್ಧಕಾಲದ ಬಿಲ್ಲೆ ಮತ್ತು ಉಂಗುರಗಳ ನೋಂದಾಯಿತ ಪರೀಕ್ಷಕರು. ಈಗ ಇರುವವಳು ಒಬ್ಬಳೇ, 'ಪರೀಕ್ಷಕಿ' ಎಂದು ಬದಲಾಯಿಸೋಣ ಎಂದರೆ, "ಬಹುವಚನ ಇದ್ರೆ ಗಿರಾಕಿಗೆ ಧೈರ್ಯ ಕಣೇ" ಅಂದೆ ನೀನು. ನಾನು ಶಾಲೆ ಬಿಟ್ಟು ನಿನ್ನ ಪಕ್ಕ ಕೂತೆ. ನೀನು ಕಲಿಸಿದ ಹಾಗೆ ಯಾವ ಶಾಲೆಯಲ್ಲೂ ಯಾರೂ ನನಗೆ ಕಲಿಸಲಿಲ್ಲ, ಅದನ್ನು ಅಲ್ಲಗಳೆಯುವುದಿಲ್ಲ. ಎರಡು ಬಿಲ್ಲೆ ನನ್ನ ಅಂಗೈಯಲ್ಲಿಟ್ಟು, ಕಣ್ಣು ಮುಚ್ಚು ಅನ್ನುತ್ತಿದ್ದೆ. "ಕಣ್ಣಿಗೆ ಮೋಸ ಮಾಡೋದು ಸುಲಭ. ಉಗುರಿಂದ ನೋಡು." ಸೈನಿಕರ ಟೋಪಿಯ ನಿಜವಾದ ಬಿಲ್ಲೆ ಅಚ್ಚಿನಲ್ಲಿ ಒತ್ತಿದ್ದು, ಅದರ ಅಂಚು ಉಗುರಿಗೆ ತಾಗುತ್ತದೆ. ನಕಲಿಯದು ಎರಕ ಹೊಯ್ದದ್ದು, ಅಂಚು ಬಳಸಿದ ಸೋಪಿನ ಹಾಗೆ. ಕೈಯಲ್ಲಿ ಬಾಳಿದ ಉಂಗುರ ಅಂಗೈ ಕಡೆ ತೆಳ್ಳಗಾಗಿರುತ್ತದೆ. ಎಡಗಡೆಯ ಖಾನೆಯಲ್ಲಿ ಅಪ್ಪ ಕೂಡಿಟ್ಟಿದ್ದ ನಕಲಿಗಳ ತಟ್ಟೆ ಇತ್ತಲ್ಲ, ಕಲಿಯಲಿಕ್ಕೆ ಅಂತ? ಅದರಲ್ಲಿನ ಒಂದೊಂದನ್ನೂ ನಾನು ಮನೆಯವರ ಹಾಗೆ ಗುರುತು ಹಿಡಿಯುತ್ತಿದ್ದೆ. ಈಗಲೂ ಎಲ್ಲಾದರೂ ಬಾಗಿಲ ಹಿಡಿ ಮುಟ್ಟಿದರೆ ಬೆರಳು ತಾನಾಗಿ ಕೇಳುತ್ತದೆ, ಎರಕದ್ದೋ ಒತ್ತಿದ್ದೋ ಅಂತ.

ನಮ್ಮ ಮೇಜಿನ ಮೇಲೆ ಸದಾ ಇರುತ್ತಿದ್ದದ್ದು ಭೂತಗನ್ನಡಿ. ಆ ಹೆಸರಿಟ್ಟವನಿಗೆ ನಮ್ಮ ಕಸುಬು ಗೊತ್ತಿತ್ತೋ ಏನೋ.

ಪ್ರಮಾಣಪತ್ರದಲ್ಲಿ ಎರಡು ಜಾಗ ತುಂಬಬೇಕು. ಒಂದರಲ್ಲಿ ಅಸಲಿಯೋ ನಕಲಿಯೋ ಎಂಬುದು. ಅದರಲ್ಲಿ ನೀನು ಯಾವತ್ತೂ ತಪ್ಪಲಿಲ್ಲ. ಎರಡನೆಯದು 'ಮೂಲ'. ಸೈನಿಕನ ಮನೆಯವರು ಇಟ್ಟುಕೊಂಡಿದ್ದು ಕೈ ಬದಲಾಗಿ ಬಂದಿದ್ದರೆ 'ಮನೆಯದು' ಎಂದು ಬರೆಯಬೇಕು, ಆಗ ಯಾರು ಬೇಕಾದರೂ ಮಾರಬಹುದು, ಕೊಳ್ಳಬಹುದು. ನೆಲದಿಂದ ಬಂದಿದ್ದರೆ 'ಮಣ್ಣಿನದು' ಎಂದು ಬರೆಯಬೇಕು. ಹಾಗೆ ಬರೆದರೆ ಜಾಗದ ಹೆಸರನ್ನೂ ಬರೆಯಬೇಕು, ಒಂದು ಪ್ರತಿ ಕಾಣೆಯಾದವರ ಕಚೇರಿಗೆ ಹೋಗಬೇಕು, ಅವರು ಬಂದು ಅಗೆದು, ಅಲ್ಲಿ ಮಲಗಿದವರು ಯಾರು ಎಂದು ತಿಳಿಯುವ ತನಕ ಮಾರಾಟ ಇಲ್ಲ. ಕಾನೂನು ಅಷ್ಟು ಸರಳ. ನಮ್ಮ ಮೆಟ್ಟಿಲು ಹತ್ತಿ ಬಂದ ಅಸಲಿ ಸಾಮಾನಿನಲ್ಲಿ ಹೆಚ್ಚಿನದೆಲ್ಲ ಮಣ್ಣಿನದು. ನೀನು ಬರೆದದ್ದು ಪ್ರತಿ ಸಲವೂ ಮನೆಯದು. ಗಿರಾಕಿಗಳಿಗೆ ಅದೊಂದು ತಮಾಷೆ. "ಯಾವ ಮನೆಯದು ಮೇಡಂ? ಆರಡಿ ಮೂರಡಿ ಮನೆಯದಾ?" ಎಂದು ಕೇಳಿ ನಗುತ್ತಿದ್ದರು. ನೀನೂ ಚಹಾ ಬಗ್ಗಿಸುತ್ತಾ ನಗುತ್ತಿದ್ದೆ.

ಬಹಳ ದಿನ ನನ್ನ ಸಿಟ್ಟೆಲ್ಲ ನಕಲಿ ಮಾಡುವವರ ಮೇಲಿತ್ತು. ಸುಳ್ಳುಗಾರರು, ಸತ್ತವರ ಹೆಸರಿನಲ್ಲಿ ಹೊಟ್ಟೆ ಹೊರೆಯುವವರು ಅನ್ನುತ್ತಿದ್ದೆ. ಈಗ ಕೂತು ಯೋಚಿಸಿದರೆ ಈ ವ್ಯಾಪಾರದಲ್ಲಿ ಸತ್ತವರ ಮೈ ಮುಟ್ಟದ ಮನುಷ್ಯ ಆ ನಕಲಿ ಮಾಡುವವನೊಬ್ಬನೇ. ಅವನ ಒಲೆ, ಅವನ ತಾಮ್ರ, ಅವನ ಸುಳ್ಳು. ನಮ್ಮ ಕೋಣೆಯಲ್ಲಿ ಒಂದು ವಸ್ತು ಅಸಲಿ ಎಂದು ಸಾಬೀತಾಯಿತು ಅಂದರೆ ಎಲ್ಲೋ ಒಬ್ಬನ ಬೆರಳಿನಿಂದ ಅದನ್ನು ಕಿತ್ತಿದ್ದಾರೆ ಎಂದು ಸಾಬೀತಾದ ಹಾಗೆ.

ದರ್ಜಿ ಅಮ್ಮ ಮೊದಲು ಬಂದದ್ದು ಚಳಿಗಾಲದಲ್ಲಿ. ಆಸ್ಪತ್ರೆಯವರಿಗೆ ಅಂಗಿ ಹೊಲಿದುಕೊಡುವ ಮುದುಕಿ, ಕಣ್ಣಿಗೆ ಪೊರೆ ಬಂದು ಬೆರಳಿನ ಅಂದಾಜಿನಲ್ಲೇ ಹೊಲಿಯುತ್ತಾಳೆ. ಮೆಟ್ಟಿಲ ಗೋಡೆಯನ್ನು ಸವರಿಕೊಂಡು ಮೇಲೆ ಬಂದಳು. ಕೈಯಲ್ಲಿ ಒಂದು ಫೋಟೋ: ಸಮವಸ್ತ್ರದ ಗಂಡಸು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದಾನೆ, ಬೆರಳಲ್ಲಿ ಉಂಗುರ. ಅದು ಅವಳ ಅಪ್ಪ. ಇಂಥ ಉಂಗುರ ನಿಮ್ಮ ಕೈಗೆ ಬಂದರೆ ನನಗೊಂದು ಮಾತು ಹೇಳಿ ಎಂದು ಕೇಳಲು ಬಂದಿದ್ದಳು. ನಮ್ಮ ಪದ್ಧತಿಯಂತೆ ನೀನು ಮೊದಲೇ ಕೇಳಿದೆ, ಒಳಗೆ ಏನಾದರೂ ಬರೆಸಿದ್ದರೇ ಎಂದು. ಅವಳು ಸ್ವಲ್ಪ ನಾಚಿಕೊಂಡಳು.

"ಮೇಲೆ ದಳದ ಗುರುತು. ಒಳಗೆ 'ಮಂಕು' ಅಂತ. ಅಮ್ಮ ಮಾಡಿಸಿಕೊಟ್ಟದ್ದು. ಅವ್ನನ್ನ ಅವಳು ಕರೀತಿದ್ದದ್ದೇ ಹಾಗೆ. ಯುದ್ಧಕ್ಕೆ ಹೋಗ್ತೀನಿ ಅಂತ ತಾನಾಗೇ ಹೆಸರು ಬರೆಸಿ ಬಂದವನನ್ನ ಇನ್ನೇನಂತ ಕರೀಬೇಕು?"

ನಾವು ಮೂವರೂ ನಕ್ಕೆವು. ಆಮೇಲೆ ಅವಳು ಉಳಿದದ್ದನ್ನು ಹೇಳಿದಳು. ಆ ದಳದ ಜನರೆಲ್ಲ ಒಂದೇ ದಿನ ಇಲ್ಲವಾದರು. ಬೇರೆಯವರನ್ನೆಲ್ಲ ಕಾಣೆಯಾದವರು ಎಂದು ಬರೆದರು, ಇವಳ ಅಪ್ಪನೊಬ್ಬನನ್ನು ಓಡಿಹೋದವನು ಎಂದು ಬರೆದರು. ಹಿಂದಿನ ಸಂಜೆ ಅವನು ಹಳ್ಳದ ಕಡೆ ಒಬ್ಬನೇ ಹೋಗುವುದನ್ನು ಯಾರೋ ಅಧಿಕಾರಿ ನೋಡಿದ್ದನಂತೆ, ಅಷ್ಟೇ ಸಾಕ್ಷಿ. ಅವಳ ಅಮ್ಮ ಓಡಿಹೋದವನ ಹೆಂಡತಿಯಾಗಿ ಸತ್ತಳು. ಇವಳು ಓಡಿಹೋದವನ ಮಗಳಾಗಿ ಬೆಳೆದಳು, ಸಮವಸ್ತ್ರ ಹೊಲಿಯುವ ಕಾರ್ಖಾನೆಯವರು ಸಹ ಆ ಹೆಸರು ಕೇಳಿ ಕೆಲಸ ಕೊಡಲಿಲ್ಲ. ಕಚೇರಿಗೆ ಎಷ್ಟು ಸಲ ಅಲೆದರೂ ಒಂದೇ ಉತ್ತರ: ದೇಹ ಸಿಗದೆ ಆ ಪದ ತೆಗೆಯಲಾಗದು. ಉಂಗುರ ಅವಳಿಗೆ ಬೇಕಿರಲಿಲ್ಲ. "ನೀವೇ ಇಟ್ಕೊಳ್ಳಿ, ಮಾರ್ಕೊಳ್ಳಿ. ಎಲ್ಲಿ ಸಿಕ್ತು ಅಂತ ಮಾತ್ರ ಹೇಳಿ" ಅಂದಳು. ನೀನು ಫೋಟೋದ ಒಂದು ಪ್ರತಿ ಇಟ್ಟುಕೊಂಡೆ. ಅವಳ ಕೈ ಹಿಡಿದು ಮೆಟ್ಟಿಲು ಇಳಿಸಿ ಬಂದೆ. ಆ ದಿನ ನಿನ್ನ ಬಗ್ಗೆ ನನಗೆ ಹೆಮ್ಮೆಯಾಗಿತ್ತು.

ಚಳಿ ಮುಗಿಯುವ ಹೊತ್ತಿಗೆ, ನೆಲ ಅಗೆದು ಸಾಮಾನು ತರುವ, ನಾವು ಸಲಿಕೆ ಎಂದು ಕರೆಯುತ್ತಿದ್ದವನು ಬಂದ. ಅವನ ನಿಜವಾದ ಹೆಸರನ್ನು ನಾವು ಎಂದೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಿಸ್ಕತ್ತಿನ ಡಬ್ಬಿ ತೆರೆದು, ಹತ್ತಿಯ ನಡುವಿನಿಂದ ಒಂದು ಸೊಟ್ಟಗಾದ ಟೋಪಿ ಬಿಲ್ಲೆಯನ್ನೂ ಒಂದು ಬೆಳ್ಳಿಯ ಉಂಗುರವನ್ನೂ ಮೇಜಿನ ಮೇಲಿಟ್ಟ. ಎಲ್ಲಿಯದಪ್ಪಾ ಎಂದು ನೀನು ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದ: "ಹೆಂಚಿನ ಭಟ್ಟಿ ಹಿಂದೆ, ಹಳ್ಳ ತಿರುಗೋ ಕಡೆ. ಒಬ್ಬಿಬ್ರಲ್ಲ ಮೇಡಂ, ಸಾಲಾಗಿ ಮಲಗಿದ್ದಾರೆ. ಆಲೂಗಡ್ಡೆ ಕಿತ್ತ ಹಾಗೆ ಕೀಳ್ಬಹುದು. ಇನ್ನೂ ಈ ತುದಿಯಲ್ಲೇ ಇದ್ದೀನಿ ನಾನು."

ನೀನು ಉಂಗುರವನ್ನು ಬೆಳಕಿಗೆ ಹಿಡಿದೆ. ಅವನು ಆಮ್ಲದಲ್ಲಿ ತೊಳೆದು ತಂದಿದ್ದ, ಮೇಲೆಲ್ಲ ಒಂದೇ ಸಮನೆ ಹೊಳಪು. ಆದರೆ ಕೆತ್ತನೆಯ ಮೂಲೆಗಳಲ್ಲಿ ಬೂದು ಹಕ್ಕಳೆ ಹಾಗೇ ಇತ್ತು. ಒಳಸುತ್ತಿನಲ್ಲಿ ಒಂದು ಕಡೆ ಮಾತ್ರ ಸುಣ್ಣದಂಥ ಬಿಳುಪು. ನೀನು ನನ್ನ ಕಿವಿಯ ಹತ್ತಿರ ಬಂದು ಹೇಳಿದ ಮಾತು ಇದು: "ಮಣ್ಣಿನದು ಕಣೇ. ಮೂಳೆ ಮೇಲಿದ್ದದ್ದು." ಹೇಳುತ್ತಾ ನೀನು ಉಂಗುರವನ್ನು ಇನ್ನೊಂದು ಸುತ್ತು ತಿರುಗಿಸಿದೆ. ಆಮೇಲೆ ಭೂತಗನ್ನಡಿಯ ಸಮೇತ ಅದನ್ನು ನನ್ನ ಕೈಗೆ ಕೊಟ್ಟೆ. ಎರಡೇ ಅಕ್ಷರ. ಮಂಕು.

ನಾನು ಎದ್ದೇಬಿಟ್ಟೆ. ಉಂಗುರಕ್ಕಲ್ಲ. ಸಾಲಾಗಿ ಮಲಗಿದ್ದಾರೆ ಅಂದನಲ್ಲ ಅವನು, ಆ ಮಾತಿಗೆ. ಓಡಿಹೋದವನು ತನ್ನ ದಳದವರ ಜೊತೆ ಸಾಲಿನಲ್ಲಿ ಮಲಗಿರುವುದಿಲ್ಲ. ನಾನು ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ದರ್ಜಿ ಅಮ್ಮನ ಮನೆಗೆ ಓಡಲು. "ಕೂತ್ಕೋ" ಅಂದೆ ನೀನು. "ಮೊದಲು ಕೈಗವಸಿನವರು ಬರ್ಲಿ."

ಕೈಗವಸಿನವರು ಬಂದರು, ಯುದ್ಧದ ಸಾಮಾನು ಕೊಂಡು ಕೂಡಿಡುವ ಆ ದೊಡ್ಡ ಮನುಷ್ಯರು. ಆ ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು, ಉಂಗುರವನ್ನು ಹಾಲುಗಲ್ಲದ ಮಗುವಿನ ಹಾಗೆ ಎತ್ತಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡರು. ಅವರ ಮನೆಯಲ್ಲಿ ವೀರರ ಹಾಲ್ ಸಿದ್ಧವಾಗುತ್ತಿದೆಯಲ್ಲ, ಕೆಂಪು ಮಖಮಲ್ಲು, ಗಾಜಿನ ಪೆಟ್ಟಿಗೆ, ಒಳಗೆ ದೀಪ. "ಮನೆಯದು ತಾನೆ?" ಎಂದು ಕೇಳಿದರು. "ಮಣ್ಣಿನದಾದರೆ ಬೇಡ ಮೇಡಂ. ಗೋರಿ ಕೆದಕಿದ್ದನ್ನ ಮುಟ್ಟೋ ಪೈಕಿ ನಾನಲ್ಲ. ಸತ್ತವರ ಮೇಲೆ ನನಗೆ ಗೌರವ ಇದೆ." ನಿನ್ನ ಮುಖವನ್ನೇ ನೋಡುತ್ತಿದ್ದೆ ನಾನು. ಒಂದು ರೆಪ್ಪೆಯೂ ಅಲುಗಲಿಲ್ಲ. ನೀನು ಲೇಖನಿ ತೆಗೆದುಕೊಂಡೆ. ಮೂಲ: ಮನೆಯದು. ಅವರು ಹೋಗುವಾಗ ನಾಳೆ ಆಳನ್ನು ಕಳಿಸುತ್ತೇನೆ ಅಂದರು.

ಅವತ್ತು ನಾವಿಬ್ಬರೂ ಆಡಿದ ಮಾತು ಕೆಳಗಿನ ಕೊಡೆಯವನಿಗೂ ಕೇಳಿಸಿತು, ಅವನು ಸುತ್ತಿಗೆ ಬಡಿಯುವುದನ್ನೇ ನಿಲ್ಲಿಸಿದ್ದ. ನೀನು ಕೊಟ್ಟ ಕಾರಣಗಳೆಲ್ಲ ನೆನಪಿವೆ. ನಾವು ಮಣ್ಣು ಎಂದು ಬರೆದರೆ ಸಲಿಕೆ ಇನ್ನೊಬ್ಬ ಪರೀಕ್ಷಕನ ಹತ್ತಿರ ಹೋಗುತ್ತಾನೆ, "ಅವನಿಗೋ ತಾಮ್ರ ಯಾವುದು ಹಿತ್ತಾಳೆ ಯಾವುದು ಗೊತ್ತಿಲ್ಲ." ಸತ್ತವರಿಗೆ ಉಂಗುರ ಬೇಡ, ಬದುಕಿದವರಿಗೆ ಅನ್ನ ಬೇಕು. ಇವೆಲ್ಲ ನೀನು ಮಾತಿಗೆ ಹೇಳಿದವು. ನಿಜವಾದ ಕಾರಣ ಕೊನೆಗೆ ಬಂತು. "ಒಂದನ್ನ ಮಣ್ಣು ಅಂತ ಬರೆದ್ರೆ ಹಿಂದಿನದನ್ನೆಲ್ಲ ತೆಗೆದು ನೋಡ್ತಾರೆ ಕಣೇ. ನಾನು ಬರೆದದ್ದನ್ನ ಮಾತ್ರ ಅಲ್ಲ, ಅಪ್ಪ ಬರೆದದ್ದನ್ನೂ. ಆ ಫಲಕ ಇಳಿಸ್ತಾರೆ. ಆಮೇಲೆ ಏನು ತಿಂತೀಯ, ನಿನ್ನ ಹದಿನಾರು ಪುಟಾನಾ?" ನಾನು ಏನೋ ಹೇಳಲು ಬಾಯಿ ತೆರೆದೆ. ನೀನು ಬಿಡಲಿಲ್ಲ. "ಆ ಪುಸ್ತಕ ಕೊಂಡದ್ದೂ ಮಣ್ಣಿನದೇ ದುಡ್ಡಲ್ಲಿ. ಓದುವಾಗ ಕೈಗೆ ಮಣ್ಣು ಮೆತ್ತಿಕೊಳ್ಳಲಿಲ್ವಾ?"

ಸತ್ಯವಾದ ಮಾತನ್ನು ಎದುರಾಳಿ ಆಡಿದರೂ ಒಪ್ಪಿಕೊಳ್ಳಬೇಕು ಎಂದು ನನ್ನ ಪುಸ್ತಿಕೆಗಳಲ್ಲೇ ಇದೆ. ಒಪ್ಪಿಕೊಂಡೆ. ಅದಕ್ಕೇ ಈಗ ಹಾಳೆ ಮಡಚಿ ತಿನ್ನುತ್ತಿದ್ದೇನೆ.

ಮರುದಿನ ನಾನು ನಿನಗೆ ಹೇಳದೆ ದರ್ಜಿ ಅಮ್ಮನ ಮನೆಗೆ ಹೋದೆ. ಯಂತ್ರದ ಮೇಲೆ ಅರ್ಧ ಹೊಲಿದ ಅಂಗಿ ಇತ್ತು. ಹೇಳಿದೆ. ಅವಳು ದಾರವನ್ನು ಹಲ್ಲಿನಿಂದ ಕಡಿದು, ಅಂಗಿಯನ್ನು ಮಡಚಿಟ್ಟು, ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಇಣುಕಿದರೆ ತಲೆ ಬಾಚಿಕೊಂಡು ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆಯುತ್ತಿದ್ದಳು. ಬೇಗ ಬನ್ನಿ ಅಂದೆ. "ಅಪ್ಪನನ್ನ ನೋಡೋಕೆ ಹೋಗ್ತಿದ್ದೀನಿ, ಹೀಗೇ ಬರ್ಲಾ?" ಅಂದಳು.

ನಾವು ಕೋಣೆಗೆ ಬಂದಾಗ ನಿನಗೆ ಆಶ್ಚರ್ಯವೇ ಆಗಲಿಲ್ಲ. ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಅವಳು ಕೈ ಚಾಚಿ ಕೂತಳು. ನಿನ್ನ ಕೈ ಎಡಗಡೆಯ ಖಾನೆಗೆ ಹೋಯಿತು. ನಾನು ನೋಡಿದೆ, ಆದರೂ ತಿಳಿಯಲಿಲ್ಲ. ಉಂಗುರವನ್ನು ಜಾಗ ಬದಲಿಸಿ ಇಟ್ಟಿರಬೇಕು ಎಂದುಕೊಂಡೆ ಅಷ್ಟೇ, ನಿನ್ನ ಬಗ್ಗೆ ಅಷ್ಟು ನಂಬಿಕೆ ಇನ್ನೂ ಉಳಿದಿತ್ತು. ನೀನು ಅವಳ ಅಂಗೈಯಲ್ಲಿ ಒಂದು ಉಂಗುರ ಇಟ್ಟೆ. ಅವಳು ಮೇಲಿನ ಗುರುತನ್ನು ಬೆರಳಿನಿಂದ ಸವರಿ ತಲೆದೂಗಿದಳು. ಆಮೇಲೆ ತೋರುಬೆರಳನ್ನು ಒಳಗೆ ಹಾಕಿ ಸುತ್ತಲೂ ತಿರುಗಿಸಿದಳು. ಮತ್ತೆ ತಿರುಗಿಸಿದಳು. ಬಟ್ಟೆಯ ಮೇಲೆ ಒಂದು ಎಳೆ ಜಾಸ್ತಿಯಿದ್ದರೂ ಹಿಡಿಯುವ ಬೆರಳು ಅದು.

"ನುಣ್ಣಗಿದೆಯಲ್ಲಮ್ಮಾ" ಅಂದಳು.

"ಇದು ನಕಲಿ ಅಮ್ಮಾ," ಅಂದೆ ನೀನು, ಎಷ್ಟು ಮೆಲ್ಲಗೆ, ಎಷ್ಟು ಮರುಕದಿಂದ. "ಎರಕ ಹೊಯ್ದದ್ದು. ಇತ್ತೀಚಿನದು. ಹುಡುಗಿ ಅವಸರಪಟ್ಟು ನಿಮ್ಮನ್ನ ಕರ್ಕೊಂಡು ಬಂದ್ಳು."

ನೀನು ಸುಳ್ಳು ಹೇಳಲಿಲ್ಲ. ಅದನ್ನೇ ನಾನು ಇನ್ನೂ ನುಂಗಿಕೊಳ್ಳಲಾಗದೆ ಒದ್ದಾಡುತ್ತಿರುವುದು. ಅವಳ ಕೈಯಲ್ಲಿದ್ದದ್ದು ನಕಲಿಯೇ, ಅಪ್ಪನ ತಟ್ಟೆಯದು, ನಾನು ಕಣ್ಣು ಮುಚ್ಚಿ ಗುರುತು ಹಿಡಿಯಬಲ್ಲ ಉಂಗುರ. ನಿನ್ನ ಬಾಯಿಂದ ಬಂದ ಒಂದೊಂದು ಮಾತೂ ನಿಜ, ಪ್ರಮಾಣ ಮಾಡಿಸಿದರೂ ನಿಲ್ಲುವಂಥ ನಿಜ. ಅದಲ್ಲ ಅಮ್ಮಾ, ಅದಲ್ಲ, ಬೇರೆ ಇದೆ, ಅದರೊಳಗೆ ಮಂಕು ಅಂತಲೇ ಇದೆ, ನಾನು ಕಣ್ಣಾರೆ ನೋಡಿದ್ದೇನೆ ಎಂದು ಕೂಗಿ, ಹಿಂದಿನ ದಿನ ಉಂಗುರ ಇಟ್ಟಿದ್ದ ಮಧ್ಯದ ಖಾನೆ ಎಳೆದೆ. ಖಾಲಿ. ಕೈಗವಸಿನವರ ಆಳು ಬೆಳಿಗ್ಗೆಯೇ ಬಂದು ಹೋಗಿದ್ದ.

ದರ್ಜಿ ಅಮ್ಮ ನನ್ನ ದನಿ ಬಂದ ಕಡೆ ಕೈ ಚಾಚಿ ನನ್ನ ಕೆನ್ನೆ ಹುಡುಕಿ ತಟ್ಟಿದಳು. "ಆ ಹೆಸರು ನಿನಗೆ ನಾನೇ ಹೇಳಿದ್ದಲ್ವಾ ಮಗಳೇ" ಅಂದಳು. ನಿನ್ನ ಕಡೆ ತಿರುಗಿ, "ಒಳ್ಳೆ ಹುಡುಗಿ ನಿಮ್ಮ ತಂಗಿ. ಮುದುಕಿ ಮನಸ್ಸು ನೋಯಬಾರದು ಅಂತ ಎಷ್ಟು ಕಷ್ಟಪಡ್ತಿದೆ ನೋಡಿ" ಅಂದಳು. ಅಕ್ಕಾ, ಆ ಕೋಣೆಯಲ್ಲಿ ನಿಜ ಹೇಳಿದವಳು ನಾನು. ಸಮಾಧಾನಕ್ಕೆ ಸುಳ್ಳು ಹೇಳುವ ಹುಡುಗಿ ಎನಿಸಿಕೊಂಡವಳೂ ನಾನೇ. ನೀನು ನೋಂದಾಯಿತ ಪರೀಕ್ಷಕರು, ಬಹುವಚನ.

ಮೆಟ್ಟಿಲು ಇಳಿಸಲು ಈ ಸಲ ನಾನು ಹೋದೆ. ಅರ್ಧ ದಾರಿಯಲ್ಲಿ ಅವಳು ನಿಂತು ಉಸಿರು ತೆಗೆದುಕೊಂಡಳು. "ಅಮ್ಮ ಸಾಯೋವರೆಗೂ ಒಂದೇ ಹೇಳ್ತಿದ್ಳು. ಓಡಿಹೋಗೋಷ್ಟು ಬುದ್ಧಿ ಆ ಮಂಕನಿಗಿಲ್ಲ ಅಂತ." ಸ್ವಲ್ಪ ನಕ್ಕಳು. "ಇತ್ತು ಅಂತ ಕಾಣುತ್ತೆ." ಮತ್ತೆ ಇಳಿಯತೊಡಗಿದಳು. ನಾನು ಅವಳ ಬೀದಿಯ ತನಕ ಅದನ್ನೇ ಹೇಳುತ್ತಾ ಹೋದೆ, ನಂಬಿ, ನಂಬಿ ಅಂತ. ಅವಳು ನನ್ನ ಕೈಯನ್ನು ಬಿಡದೆ ಹಿಡಿದುಕೊಂಡಿದ್ದಳು, ಸಣ್ಣ ಮಗುವನ್ನು ಸಂತೆಯಲ್ಲಿ ಹಿಡಿದುಕೊಂಡ ಹಾಗೆ, ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾ.

ವಾಪಸ್ಸು ಬಂದಾಗ ನೀನು ಇನ್ನೊಂದು ಬಿಲ್ಲೆ ನೋಡುತ್ತಾ ಕೂತಿದ್ದೆ. ತಲೆ ಎತ್ತದೆ ಅಂದೆ: "ಅಪ್ಪ ಎಲ್ಲೋ ಬದುಕಿದ್ದ, ಇನ್ನೊಂದು ಸಂಸಾರ ಮಾಡ್ಕೊಂಡಿದ್ದ ಅಂತ ಅಂದ್ಕೊಳ್ಳಲಿ ಬಿಡೇ. ಗುಂಡಿಯಲ್ಲಿ ಮೂಳೆ ಆಗಿದ್ದಾನೆ ಅಂತ ತಿಳ್ಕೊಳ್ಳೋದಕ್ಕಿಂತ ಅದೇ ವಾಸಿ." ನೀನು ವ್ಯಾಪಾರಕ್ಕಾಗಿ ಮಾಡಿದೆ ಎಂದಿದ್ದರೆ, ಹೆದರಿ ಮಾಡಿದೆ ಎಂದಿದ್ದರೆ, ನಾನು ಆ ರಾತ್ರಿಯೂ ನಿನ್ನ ಎದುರು ಕೂತು ಊಟ ಮಾಡುತ್ತಿದ್ದೆನೇನೋ. ದಯೆ ತೋರಿಸಿದೆ ಅಂದೆಯಲ್ಲ. ಅವಳಿಗೆ ಏನು ಬೇಕು ಎಂದು ಅವಳು ಬಾಯಿಬಿಟ್ಟು ಕೇಳಿದ್ದಳು. ನೀನು ಅವಳಿಗೆ ಬೇರೆ ಅಪ್ಪನನ್ನೇ ಎರಕ ಹೊಯ್ದು ಕೊಟ್ಟೆ.

ಊರು ಬಿಡುವ ಮೊದಲು ಕಾಣೆಯಾದವರ ಕಚೇರಿಗೂ ಹೋದೆ, ಅದನ್ನು ನಿನಗೆ ಹೇಳಿರಲಿಲ್ಲ. ಅಲ್ಲಿನ ಗುಮಾಸ್ತ ಒಳ್ಳೆಯವನೇ. ನಾನು ಹೇಳಿದ್ದನ್ನೆಲ್ಲ ಕೇಳಿದ. ಹೆಂಚಿನ ಭಟ್ಟಿ, ಹಳ್ಳದ ತಿರುವು, ಸಾಲು. ಆಮೇಲೆ ನಿಮ್ಮ ನೋಂದಣಿ ಸಂಖ್ಯೆ ಏನು ಎಂದು ಕೇಳಿದ. ಇಲ್ಲ ಅಂದೆ. "ಹೀಗೆ ಬಾಯಿಮಾತಿಗೆ ಅಗೆಯೋಕೆ ಹೋದ್ರೆ ಊರೆಲ್ಲ ಅಗೀಬೇಕಾಗುತ್ತಮ್ಮಾ. ಪರೀಕ್ಷಕರ ಸಹಿ ಇರೋ ಹಾಳೆ ತನ್ನಿ, ಮಾರನೇ ದಿನವೇ ಜನ ಕಳಿಸ್ತೀನಿ" ಅಂದ. ನಾನು ಅವನ ಮೇಲೆ ರೇಗಿದೆ, ಈ ದೇಶದಲ್ಲಿ ಸತ್ತವನು ಸತ್ತ ಅನ್ನುವುದಕ್ಕೂ ಲೈಸೆನ್ಸು ಬೇಕೇ ಎಂದು ಕೇಳಿದೆ. ಹೌದು ಅಂದ, ತಪ್ಪಾಗಿ ತಿಳಿಯಬೇಡಿ ಅಂದ, ಬಾಗಿಲ ತನಕ ಬಂದು ಕಳಿಸಿಕೊಟ್ಟ.

ಇಷ್ಟರಲ್ಲಿ ಸಲಿಕೆ ಸಾಲಿನ ನಡುವಿಗೆ ಬಂದಿರುತ್ತಾನೆ. ಬಿಲ್ಲೆ ತೆಗೆದುಕೊಂಡು, ಉಂಗುರ ತೆಗೆದುಕೊಂಡು, ಉಳಿದದ್ದನ್ನು ಹಳ್ಳಕ್ಕೆ ಎಸೆಯುತ್ತಾನೆ ಎಂದು ಅವನೇ ಹೇಳಿದ್ದು ನಿನಗೆ ನೆನಪಿರಬೇಕು. ಗುರುತು ಹೋದ ಮೇಲೆ ಯಾವ ಮೂಳೆ ಯಾರದು ಎಂದು ಯಾವ ಕಚೇರಿಯೂ ಹೇಳಲಾರದು. ನೀನು ಮೇಜಿನ ಮುಂದೆ ಕೂತು ಒಂದು ಪದ ಬರೆದಷ್ಟೂ ಅಲ್ಲಿ ಒಬ್ಬೊಬ್ಬನೇ ಎರಡನೇ ಸಲ ಕಾಣೆಯಾಗುತ್ತಿದ್ದಾನೆ.

ನಿನಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು. ಅಮ್ಮ ಇಲ್ಲದ ಮನೆಯಲ್ಲಿ ನನ್ನ ತಲೆ ಬಾಚಿದ್ದು, ಜ್ವರ ಬಂದಾಗ ಎದ್ದು ಕೂತದ್ದು, ನಿನ್ನ ಪಾಲಿನ ಕಂಬಳಿಯನ್ನೂ ನನ್ನ ಮೇಲೆ ಹೊದಿಸಿ ಚಳಿಯಿಲ್ಲ ಎಂದು ನಟಿಸಿದ್ದು, ಯಾವುದನ್ನೂ ಮರೆತಿಲ್ಲ. ಆ ಅಕ್ಕ ಅಸಲಿ. ಆ ಮುದುಕಿಯ ಅಂಗೈಯಲ್ಲಿ ಉಂಗುರ ಇಟ್ಟವಳೂ ಅಸಲಿ. ಇಬ್ಬರಲ್ಲಿ ಒಬ್ಬಳು ನಕಲಿಯಾಗಿದ್ದಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

ಇನ್ನು ನಿನ್ನ ಹತ್ತಿರ ಆ ಪದ ಬದಲಾಯಿಸು ಎಂದು ಕೇಳುವುದಿಲ್ಲ. ಸಹಿ ಹಾಕು ಎಂದೂ ಕೇಳುವುದಿಲ್ಲ. ಕೇಳಿ ಕೇಳಿ ಬಾಯಿ ಸೋತಿದೆ. ನನ್ನ ಬಟ್ಟೆಗಳನ್ನು ಕಳಿಸಬೇಡ, ಇಲ್ಲಿ ಎಲ್ಲರೂ ಮಸಿ ಮೆತ್ತಿದ ಅಂಗಿಯಲ್ಲೇ ಇರುತ್ತಾರೆ. ಎಣ್ಣೆ ಹಾಕದೆ ಕಿರುಗುಟ್ಟುವ ಆ ಕಿಟಕಿಯ ಹತ್ತಿರ ಜಾಸ್ತಿ ಹೊತ್ತು ಕೂರಬೇಡ, ನಿನ್ನ ಭುಜ ಹಿಡಿದುಕೊಳ್ಳುತ್ತದೆ.

ಇತಿ,
ನಿನ್ನ ತಂಗಿ

ಸಹಿಯಾದ ಮೇಲೆ ಒಂದು ಮಾತು: ಹೊರಡುವಾಗ ನಿನ್ನ ಮೇಜಿನಿಂದ ಒಂದು ಹಾಳೆ ತಂದಿದ್ದೆ, ನೀನು ಅನುಕೂಲಕ್ಕೆಂದು ಮೊದಲೇ ಮೊಹರು ಒತ್ತಿಟ್ಟುಕೊಳ್ಳುವ ಖಾಲಿ ಪ್ರಮಾಣಪತ್ರಗಳಲ್ಲಿ ಒಂದು. ಉಂಗುರದ ವಿವರವನ್ನೆಲ್ಲ ಬರೆದು, ಮೂಲ ಮಣ್ಣಿನದು ಎಂದು ಬರೆದು, ಜಾಗ ಬರೆದು, ಕೆಳಗೆ ನಿನ್ನ ಸಹಿ ಹಾಕಿದೆ. ನಿಧಾನವಾಗಿ ಬರೆದರೆ ಶಾಯಿ ನಿಂತು ನಕಲಿ ಎಂದು ಗೊತ್ತಾಗುತ್ತದೆ ಅಂತ ನೀನೇ ಹೇಳಿಕೊಟ್ಟಿದ್ದು, ಅದಕ್ಕೆ ಒಂದೇ ಉಸಿರಿನಲ್ಲಿ ಹಾಕಿದೆ. ಹಾಳೆಯನ್ನು ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೆ. ಉತ್ತರವನ್ನು ನನ್ನ ವಿಳಾಸಕ್ಕಲ್ಲ, ಇಲ್ಲಿನ ಅಂಚೆ ಕಚೇರಿಗೆ ಕಳಿಸಿ ಎಂದು ಬರೆದಿದ್ದೆ, ನಿನ್ನೆ ಅದು ಬಂತು. ಅಗೆಯುವ ಮೊದಲು ಸಹಿ ನಿಜವೇ ಎಂದು ವಿಚಾರಿಸಲು ಬುಧವಾರ ಒಬ್ಬರು ನಿನ್ನ ಹತ್ತಿರ ಬರುತ್ತಾರೆ. ಅವರು ಅದನ್ನು ನಿನ್ನ ಮುಂದಿಟ್ಟು ಕೇಳುತ್ತಾರೆ. ಅಸಲಿ ಎಂದರೆ ಆ ಸಾಲಿನವರು ಮೇಲೆ ಬರುತ್ತಾರೆ, ಅಪ್ಪನ ಫಲಕ ಕೆಳಗೆ ಬರುತ್ತದೆ. ನಕಲಿ ಎಂದರೆ ಅದು ನಿಜ, ಅಗೆಯುವುದಿಲ್ಲ, ಅವರು ನನ್ನನ್ನು ಹುಡುಕುತ್ತಾರೆ. ನನ್ನ ವಿಳಾಸ ಲಕೋಟೆಯ ಹಿಂದಿದೆ. ಕೇಳಿದರೆ ಕೊಡು.